ಬಿಳಿ ಟವೆಲ್ಲು

ರಕ್ತದ ಕಲೆ ತೊಳೆಯುವುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಿಸಿನೀರು ಹಾಕಿದರೆ ಕಲೆ ಬಟ್ಟೆಗೆ ಕಚ್ಚಿಕೊಂಡು ಕೂತುಬಿಡುತ್ತದೆ. ತಣ್ಣೀರಲ್ಲಿ ನೆನೆಸಿ, ಉಪ್ಪು ಸವರಿ, ಹೆಬ್ಬೆರಳಿನಿಂದ ಉಜ್ಜಬೇಕು. ಕ್ಷೌರದಂಗಡಿಯ ಮನೆಗೆ ಸೊಸೆಯಾಗಿ ಬಂದ ಮೇಲೆ ಅವಳು ತೊಳೆದ ಟವೆಲ್ಲುಗಳನ್ನು ಸಾಲಾಗಿ ಹಾಸಿದ್ದರೆ ಆ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಕಾಲಿಗೆ ಮಣ್ಣು ತಾಗದೆ ನಡೆಯಬಹುದಿತ್ತು. ಯಾವ ಟವೆಲ್ಲು ಯಾರ ಕುರ್ಚಿಯದು ಎಂಬುದು ಕಲೆ ನೋಡಿದರೇ ಅವಳಿಗೆ ತಿಳಿಯುತ್ತಿತ್ತು. ಮಾವ ಕೆಲಸ ಮಾಡುತ್ತಿದ್ದ ಕಾಲದಲ್ಲಿ ಅವರ ಕುರ್ಚಿಯಿಂದ ಬಂದದ್ದರಲ್ಲಿ ಕಲೆಯೇ ಇರುತ್ತಿರಲಿಲ್ಲ. ಗಂಡನ ಕುರ್ಚಿಯಿಂದ ಬಂದದ್ದರಲ್ಲಿ ಎಲ್ಲೋ ಒಂದು ಮೂಲೆಯಲ್ಲಿ ಚುಕ್ಕೆ ಇದ್ದೇ ಇರುತ್ತಿತ್ತು. ಅಂಥವನ್ನು ಅವಳು ಮಾವನ ಕಣ್ಣಿಗೆ ಬೀಳುವ ಮೊದಲೇ ಹಿತ್ತಲಿನ ಬಕೆಟ್ಟಿನಲ್ಲಿ ಮುಳುಗಿಸಿಬಿಡುತ್ತಿದ್ದಳು.

ಅಂಗಡಿಯಲ್ಲಿ ಮೂರು ಕುರ್ಚಿ. ಕಿಟಕಿಯ ಪಕ್ಕದ್ದು ಮೊದಲ ಕುರ್ಚಿ. ಕಬ್ಬಿಣದ ಕಾಲು, ತೊಗಲಿನ ಸೀಟು, ತಲೆ ಒರಗಿಸಲು ಹಿಂದೆ ಸವೆದ ದಿಂಬು. ಮಾವ ಅದರ ಹಿಂದೆ ಬದುಕಿಡೀ ನಿಂತವರು. ನಿಂತು ನಿಂತು ಕಾಲಿನ ನರಗಳು ಹಗ್ಗದ ಹಾಗೆ ಗಂಟುಬಿದ್ದು, ಕೊನೆಗೆ ಒಂದು ದಿನ ಎಡಗಾಲು ಮರದ ದಿಮ್ಮಿಯಂತೆ ಊದಿಕೊಂಡಿತು. ಒಳಗೆ ರಕ್ತ ಗಡ್ಡೆ ಕಟ್ಟಿದೆ ಎಂದರು ಆಸ್ಪತ್ರೆಯಲ್ಲಿ. ಅಂದಿನಿಂದ ಮಾವ ಗೋಡೆಯ ಬದಿಯ ಬೆಂಚು ಹಿಡಿದರು, ಆದರೆ ಕುರ್ಚಿ ಬಿಡಲಿಲ್ಲ. ಅದಕ್ಕೆ ಬಟ್ಟೆ ಮುಚ್ಚಿಸಿ ಖಾಲಿ ಇಟ್ಟರು. ಮಗ ಎರಡನೆಯ ಕುರ್ಚಿಯಲ್ಲಿ ಕೆಲಸ ಮಾಡಬೇಕು, ಅಪ್ಪ ಬೆಂಚಿನ ಮೇಲೆ ಕೂತು ಅವನ ಮಾನ ಕಳೆಯಬೇಕು. ಅಂಗಡಿ ನಡೆಯುತ್ತಿದ್ದದ್ದು ಹೀಗೆ.

ಕತ್ತಿ ಹಿಡಿದರೆ ಕೈ ನಡುಗುತ್ತದೆ ಎಂದು "ನಡುಕಣ್ಣ" ಎಂಬ ಹೆಸರಿಟ್ಟದ್ದೂ ಅವರೇ. ಹೆತ್ತ ಮಗನಿಗೆ, ಗಿರಾಕಿಗಳ ಮುಂದೆ. ಮೊದಲು ಗಿರಾಕಿಗಳಿಗೆ ಮುಜುಗರವಾಗುತ್ತಿತ್ತು, ಆಮೇಲೆ ಅವರೂ ಕರೆಯತೊಡಗಿದರು. "ನಡುಕಣ್ಣ, ಕಿವಿ ಬಿಟ್ಟು ಬಾಕಿ ಏನು ಬೇಕಾದ್ರೂ ಕತ್ತರಿಸಪ್ಪಾ" ಎಂದು ಒಬ್ಬ ಅಂದರೆ ಉಳಿದವರು ಹೊಟ್ಟೆ ಹಿಡಿದುಕೊಂಡು ನಗುವರು. ಅವಳ ಗಂಡನೂ ನಗುವನು. ಹಿತ್ತಲಲ್ಲಿ ಟವೆಲ್ಲು ಹಿಂಡುತ್ತಿದ್ದ ಅವಳಿಗೆ ಆ ನಗು ಕೇಳಿದಾಗಲೆಲ್ಲ ಗಂಡನ ಕೆನ್ನೆಗೆ ಬಾರಿಸಬೇಕು ಅನ್ನಿಸುತ್ತಿತ್ತು. ಮಾವನಿಗೆ ಏನು ಮಾಡಬೇಕು ಅನ್ನಿಸುತ್ತಿತ್ತು ಎಂಬುದನ್ನು ಅವಳು ತನಗೇ ಹೇಳಿಕೊಳ್ಳುತ್ತಿರಲಿಲ್ಲ.

ನಿಜ ಹೇಳಬೇಕೆಂದರೆ ಅವನ ಕೈ ಬೇರೆಲ್ಲೂ ನಡುಗುತ್ತಿರಲಿಲ್ಲ. ಸೂಜಿಗೆ ದಾರ ಪೋಣಿಸುವಾಗ ನಡುಗುತ್ತಿರಲಿಲ್ಲ, ಬಿಸಿ ಪಾತ್ರೆ ಇಳಿಸುವಾಗ ನಡುಗುತ್ತಿರಲಿಲ್ಲ. ಅಪ್ಪನ ಕಣ್ಣು ಬೆನ್ನಿಗೆ ನಾಟಿದಾಗ ಮಾತ್ರ ನಡುಗುತ್ತಿತ್ತು.

ಮೊದಲ ಕುರ್ಚಿ ಸಿಗಬೇಕಾದರೆ ಆ ಅಂಗಡಿಯಲ್ಲಿ ಒಂದು ಕ್ರಮವಿತ್ತು. "ಟವೆಲ್ಲು ಹಿಡಿಯೋದು" ಎನ್ನುತ್ತಿದ್ದರು ಅದಕ್ಕೆ. ಹಳೆಯ ಗಿರಾಕಿಗಳೆಲ್ಲ ಸೇರಬೇಕು. ಗುರು ಮೊದಲ ಕುರ್ಚಿಯಲ್ಲಿ ಕೂರಬೇಕು. ಅವನ ಕತ್ತಿನ ಸುತ್ತ ಹೊಸ ಬಿಳಿ ಟವೆಲ್ಲು ಕಟ್ಟಿ, ಶಿಷ್ಯ ಉದ್ದ ಕತ್ತಿಯಿಂದ ಒಮ್ಮೆ ಮೇಲಿನಿಂದ ಕೆಳಕ್ಕೆ, ಒಮ್ಮೆ ಕೆಳಗಿನಿಂದ ಮೇಲಕ್ಕೆ ಗಡ್ಡ ತೆಗೆಯಬೇಕು. ಆಮೇಲೆ ಗುರುವೇ ಟವೆಲ್ಲು ಬಿಚ್ಚಿ ಎಲ್ಲರ ಮುಂದೆ ಹರವುತ್ತಾನೆ. ಬೆಳ್ಳಗಿದ್ದರೆ ಕುರ್ಚಿಯೂ ಕತ್ತಿಯೂ ಶಿಷ್ಯನದು. ಕೆಂಪು ಕಂಡರೆ ಗುರು ಮತ್ತೆ ಕರೆಯುವ ತನಕ ಬಾಯಿ ಮುಚ್ಚಿಕೊಂಡಿರಬೇಕು. ಮಾವ ತಮ್ಮ ಗುರುವನ್ನು ಹಾಗೆ ಗೆದ್ದವರು. ಅವಳ ಗಂಡ ಎರಡು ಸಲ ಕೂರಿಸಿ ಎರಡು ಸಲವೂ ಸೋತಿದ್ದ. ಎರಡನೆಯ ಸಲ ಕತ್ತಿ ಗಂಟಲ ಮೇಲಿದ್ದಾಗ ಮಾವ ಕೆಮ್ಮಿದ್ದರು. ಕೆಮ್ಮು ತಾನಾಗಿ ಬಂದದ್ದೋ ಅವರಾಗಿ ಬರಿಸಿಕೊಂಡದ್ದೋ ಎಂದು ಅವಳು ಆ ಕೆಂಪು ಟವೆಲ್ಲು ತೊಳೆಯುತ್ತ ಬಹಳ ಯೋಚಿಸಿದ್ದಳು.

ಈ ವರ್ಷ ಮಾವನ ಕಾಲು ಮತ್ತೆ ಊದಿತು. ಮಾತ್ರೆ ನುಂಗುತ್ತಿದ್ದರೂ ಊದಿತು. ಅಂಗಡಿ ಬಿಟ್ಟು ಬರಲಾರೆ ಎಂದ ಗಂಡ. ಆಸ್ಪತ್ರೆಗೆ ಕರೆದುಕೊಂಡು ಹೋದವಳು ಅವಳೇ.

ಡಾಕ್ಟರಮ್ಮ ನಿಧಾನವಾಗಿ, ಬಿಡಿಸಿ ಹೇಳುವ ಹೆಂಗಸು. ಮೇಜಿನ ಮೇಲೆ ಎರಡು ಮಾತ್ರೆ ಇಟ್ಟರು, ಒಂದು ಗುಲಾಬಿ, ಒಂದು ಬಿಳಿ.

"ನೋಡಿ ಯಜಮಾನ್ರೇ, ಈ ಗುಲಾಬಿ ಮಾತ್ರೆ ನೀವು ಮೊದಲಿಂದ ತಗೋತಿರೋದು. ರಕ್ತ ಹೆಪ್ಪುಗಟ್ಟೋದನ್ನ ಇದು ನಿಧಾನ ಮಾಡುತ್ತೆ. ಇದೊಂದೇ ಸಾಲಲಿಲ್ಲ, ಮತ್ತೆ ಗಡ್ಡೆ ಕಟ್ಟಿದೆ. ಅದಕ್ಕೇ ಈ ಬಿಳೀದನ್ನ ಸೇರಿಸ್ತಿದೀನಿ. ರಕ್ತದಲ್ಲಿ ಸಣ್ಣ ಸಣ್ಣ ಕಣ ಇರ್ತವೆ, ಗಾಯ ಆದ ಕಡೆ ಒಂದಕ್ಕೊಂದು ಅಂಟಿಕೊಂಡು ತೂತು ಮುಚ್ತವೆ. ಅವು ಅಂಟದ ಹಾಗೆ ಇದು ತಡೆಯುತ್ತೆ."

"ಎರಡೂ ನುಂಗಿದ್ರೆ ಕಾಲು ಸರಿ ಹೋಗುತ್ತಾ?" ಎಂದರು ಮಾವ.

"ಗಡ್ಡೆ ಕಟ್ಟೋದು ಕಮ್ಮಿ ಆಗಬಹುದು. ಆದ್ರೆ ರಕ್ತ ಸೋರೋ ಭಯ ಜಾಸ್ತಿ. ಎಲ್ಲರಿಗೂ ನಾನು ಎರಡೂ ಕೊಡಲ್ಲ, ನಿಮಗೆ ಬೇರೆ ದಾರಿ ಕಾಣ್ಲಿಲ್ಲ ಅಂತ ಕೊಡ್ತಿದೀನಿ. ಸಣ್ಣ ಗೀರು ಆದ್ರೂ ಬೇಗ ನಿಲ್ಲಲ್ಲ, ತಿಳ್ಕೊಳ್ಳಿ. ಇನ್ಮೇಲೆ ಕತ್ತಿಯಲ್ಲಿ ಗಡ್ಡ ತೆಗೆಯೋದು ಬೇಡ. ಕರೆಂಟಿನ ಮಿಷನ್ ಇಟ್ಕೊಳ್ಳಿ."

ಮಾವ ನಕ್ಕರು. ಬಾಳೆಲ್ಲ ಕತ್ತಿ ಹಿಡಿದವನಿಗೆ ಮಿಷನ್ ಇಟ್ಟುಕೋ ಅನ್ನುವುದು ಯಾವ ಬಗೆಯ ಮಾತು ಎಂದು ಡಾಕ್ಟರಮ್ಮನಿಗೆ ಗೊತ್ತಿರಲಿಲ್ಲ.

"ಅಮ್ಮಾ, ನೀವು ಕೇಳಿಸ್ಕೊಳ್ಳಿ," ಎಂದು ಡಾಕ್ಟರಮ್ಮ ಅವಳ ಕಡೆ ತಿರುಗಿದರು. "ಹಲ್ಲು ಕೀಳಿಸೋದಾದ್ರೂ ನನ್ನನ್ನ ಕೇಳಬೇಕು. ಗುಲಾಬೀದು ಎರಡು ದಿನ ಬಿಟ್ರೆ ಅದರ ಕೆಲಸ ನಿಂತುಹೋಗುತ್ತೆ. ಬಿಳೀದು ಹಾಗಲ್ಲ, ಬಿಟ್ಟು ವಾರ ಆಗೋ ತನಕ ಅದರ ಗುಣ ಇರುತ್ತೆ. ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಿಬಿಟ್ರೆ ಗಡ್ಡೆ ಕಾಲಲ್ಲೇ ಕೂತಿರಲ್ಲ, ಎದೆಗೆ ಏರುತ್ತೆ. ಏರಿದ್ರೆ ಉಸಿರೇ ನಿಲ್ಲುತ್ತೆ."

ಅವಳು ತಲೆಯಾಡಿಸಿದಳು. ಒಂದು ಮಾತೂ ತಪ್ಪದೆ ಅವಳ ಮನಸ್ಸಿನಲ್ಲಿ ಕೂತಿತು.

ಆಮೇಲೆ ಕೆಲವು ದಿನ ಮಾವನ ದಿಂಬಿನ ಚೀಲದಲ್ಲಿ ಕಲೆ ಬರತೊಡಗಿತು, ವಸಡಿನ ರಕ್ತ. ಅದನ್ನು ತಣ್ಣೀರಲ್ಲಿ ಉಜ್ಜುತ್ತ ಒಂದು ಮಧ್ಯಾಹ್ನ ಹಿತ್ತಲಲ್ಲಿ ಕೂತಿದ್ದಳು. ಒಣಹಾಕಿದ ಟವೆಲ್ಲುಗಳ ಆಚೆ ಮಾವ ಕೈತೊಳೆಯುವ ತೊಟ್ಟಿಯ ಹತ್ತಿರ ನಿಂತದ್ದು ಕಂಡಿತು. ಇವಳು ಇದ್ದದ್ದು ಅವರಿಗೆ ತಿಳಿಯಲಿಲ್ಲ. ಅವರ ಕೈಯಲ್ಲಿ ಉದ್ದ ಕತ್ತಿ ಇತ್ತು. ಅದರ ತುದಿಯಿಂದ ಎಡಗೈ ಬೆರಳನ್ನು ಮೆಲ್ಲಗೆ ಗೀರಿಕೊಂಡರು. ಹನಿ ಬಂತು, ಬಿತ್ತು. ಇನ್ನೊಂದು ಬಂತು, ಬಿತ್ತು. ಮಾವ ರಕ್ತ ನಿಲ್ಲಿಸುವ ಪಟಿಕದ ಗಟ್ಟಿ ತೆಗೆದುಕೊಂಡು ಗೀರಿಗೆ ಒತ್ತಿದರು. ಅಂಗಡಿಯಲ್ಲಿ ಎಂಥ ಗಾಯವೂ ಪಟಿಕಕ್ಕೆ ಬಗ್ಗುತ್ತಿತ್ತು. ಇದು ಬಗ್ಗಲಿಲ್ಲ. ಹನಿ ಬೀಳುತ್ತಲೇ ಇತ್ತು. ತೊಟ್ಟಿಯ ಬಿಳಿ ಕೆಂಪಾಗುವುದನ್ನು ಮಾವ ನೋಡುತ್ತ ನಿಂತರು, ಅವರ ಮುಖದಲ್ಲಿ ಅವಳು ಎಂದೂ ಕಾಣದ ಒಂದು ಸಂತೋಷವಿತ್ತು.

ಮರುದಿನ ಬೆಳಿಗ್ಗೆ ಅಂಗಡಿ ತುಂಬಿದ್ದಾಗ ಮಾವ ಬೆಂಚಿನಿಂದ ಎದ್ದು ನಿಂತರು.

"ಲೋ ನಡುಕಣ್ಣಾ, ಇನ್ನೆರಡು ವಾರಕ್ಕೆ ಭಾನುವಾರ ಟವೆಲ್ಲು ಹಿಡೀ. ಇದು ಕೊನೇ ಸಲ. ಬೆಳ್ಳಗೆ ಬಂದ್ರೆ ಕುರ್ಚಿ ನಿಂದು. ಕೆಂಪಾದ್ರೆ ಅಳಿಯಂದ್ರನ್ನ ಕರೆದು ಕೂರಿಸ್ತೀನಿ. ಮೇಲಿನ ಮನೇನೂ ಅವರಿಗೇ. ನೀನು ಅವರಿಗೆ ಬಿಸಿನೀರು ಕಾಯಿಸಿಕೊಟ್ಕೊಂಡು ಬಿದ್ದಿರು."

ಮಾವನ ಮಗಳ ಗಂಡ ಮಾರ್ಕೆಟ್ಟಿನ ಆಚೆ ಅಂಗಡಿ ಇಟ್ಟಿದ್ದ. ಈ ಅಂಗಡಿಯ ಮೇಲೆ ಬಹಳ ದಿನಗಳಿಂದ ಅವನ ಕಣ್ಣಿತ್ತು. ಅವಳ ಗಂಡನ ಮುಖ ಮಾತ್ರ ಅರಳಿತು. ದಡ್ಡ. ಅಪ್ಪ ಕೊನೆಗೂ ಕರೆದರಲ್ಲ ಎಂದು ಅವನಿಗೆ ಖುಷಿ.

ಅವಳು ಅಂದೇ ಮಾವನ ಎದುರು ಹೋಗಿ ನಿಂತಳು.

"ಮಾವ, ಡಾಕ್ಟರಮ್ಮ ಕತ್ತಿ ಬೇಡ ಅಂದಿದ್ರು."

"ಹೌದಾ? ನನಗೆ ಕೇಳಿಸಲೇ ಇಲ್ಲ ನೋಡು."

"ನೀವು ಬೇಕು ಅಂತಲೇ ಮಾಡ್ತಿದೀರ."

"ಮಾಡ್ತಿದೀನಿ. ಏನೀಗ?" ಮಾವನ ದನಿ ತಣ್ಣಗಿತ್ತು. "ಹೋಗಿ ಹೇಳು ನಿನ್ನ ಗಂಡನಿಗೆ, ಅಪ್ಪನ ರಕ್ತ ನಿಲ್ಲಲ್ಲ ಅಂತ. ಹೇಳಿದ್ರೆ ಅವನ ಕೈ ಕತ್ತಿ ಮುಟ್ಟೋ ಮೊದಲೇ ಕುಣಿಯುತ್ತೆ. ಹೇಳ್ದೇ ಇದ್ರೆ ಟವೆಲ್ಲು ಕೆಂಪಾಗುತ್ತೆ. ಯಾವುದು ಬೇಕೋ ನೀನೇ ಆರಿಸ್ಕೋ ತಾಯಿ."

"ಹೆತ್ತ ಮಗ ಅಲ್ವಾ ಮಾವ?"

"ಅದಕ್ಕೇ. ಬೇರೆಯವನಾಗಿದ್ರೆ ಯಾವತ್ತೋ ಕೊಟ್ಟಿರ್ತಿದ್ದೆ. ನನ್ನ ಹೊಟ್ಟೇಲಿ ಹುಟ್ಟಿ, ನನ್ನ ಮುಖ ನೋಡಿದ್ರೆ ನಡುಗೋನಿಗೆ ನನ್ನ ಕುರ್ಚಿ ಯಾಕೆ?"

ಇಷ್ಟು ಹೇಳಿ ಮಾವ ಊದಿದ ಕಾಲನ್ನು ಅವಳ ಮುಂದೆ ಚಾಚಿದರು, ಊತಕ್ಕೆಂದು ಆಸ್ಪತ್ರೆಯಲ್ಲಿ ಕೊಟ್ಟ ಬಿಗಿ ಕಾಲುಚೀಲ ಹಾಕು ಎಂದು. ಅವಳು ಬಗ್ಗಿ ಹಾಕಿದಳು.

ಗಂಡ ಮಹಡಿಯ ಮೇಲೆ ಅಭ್ಯಾಸಕ್ಕೆ ಕೂತ. ಬಲೂನು ಊದಿ, ಅದಕ್ಕೆ ನೊರೆ ಹಚ್ಚಿ, ಒಡೆಯದ ಹಾಗೆ ಕತ್ತಿ ಆಡಿಸುವುದು ಈ ಕಸುಬಿನಲ್ಲಿ ಎಲ್ಲರೂ ಕಲಿಯುವ ಪಾಠ. ಅವನು ಒಬ್ಬನೇ ಇದ್ದಾಗ ಬಲೂನುಗಳು ಒಡೆಯುತ್ತಿರಲಿಲ್ಲ. ಕೆಳಗೆ ಅಪ್ಪನ ಊರುಗೋಲಿನ ಸದ್ದು ಕೇಳಿದ ಕೂಡಲೇ ಫಟ್ ಎನ್ನುತ್ತಿತ್ತು. ಆಗ ಕೆಳಗಿನಿಂದ ಮಾವನ ಗಂಟಲು ಏಳುತ್ತಿತ್ತು.

"ಹೋಯ್ತು ಇನ್ನೊಂದು ಕತ್ತು!"

ಅಂಗಡಿಯೆಲ್ಲ ನಗುತ್ತಿತ್ತು. ಗಂಡ ಕೆನ್ನೆಗೆ ಸಿಡಿದ ನೊರೆ ಒರೆಸಿಕೊಂಡು ಮತ್ತೊಂದು ಬಲೂನು ಊದುತ್ತಿದ್ದ.

"ಈ ಸಲ ಬೇಡ ಅಂದುಬಿಡಿ ರೀ," ಎಂದಳು ಅವಳು.

"ಈ ಸಲ ಬೇಡ ಅಂದ್ರೆ ಇನ್ಯಾವಾಗ? ಈ ಸಲ ಆಗುತ್ತೆ ಕಣೇ. ಅಪ್ಪನಿಗೆ ವಯಸ್ಸಾಯ್ತು, ಮನಸ್ಸು ಮೆತ್ತಗಾಗಿದೆ. ನಿನ್ನೆ ನನ್ನ ನೋಡಿ ನಕ್ಕರು ಗೊತ್ತಾ?"

ಅವನ ಕಣ್ಣಿನಲ್ಲಿದ್ದ ಆಸೆಯನ್ನು ಅವಳು ನೋಡಿದಳು. ಅಪ್ಪ ಒಂದು ಸಲ ಬೆನ್ನು ತಟ್ಟಿದರೆ ಸಾಕು, ಬಾಕಿ ಬದುಕು ಹೇಗೋ ಆಗುತ್ತದೆ ಎಂದುಕೊಂಡ ಗಂಡಸಿಗೆ ನಿನ್ನಪ್ಪ ನಿನ್ನನ್ನು ಕೊಚ್ಚಲು ತನ್ನ ರಕ್ತವನ್ನೇ ಮಸೆದಿಟ್ಟಿದ್ದಾರೆ ಎಂದು ಹೇಗೆ ಹೇಳುವುದು? ಅವಳು ಹೇಳಲಿಲ್ಲ. ಮಾರನೆಯ ದಿನ ಔಷಧಿ ಅಂಗಡಿಗೆ ಹೋಗಿ ಒಂದು ಪಟ್ಟಿ ಗುಲಾಬಿ ಬಣ್ಣದ ಶಕ್ತಿ ಮಾತ್ರೆ, ಒಂದು ಪಟ್ಟಿ ಮೂಳೆಗೆಂದು ಕೊಡುವ ಬಿಳಿ ಮಾತ್ರೆ ತಂದಳು.

ಮಾವ ಮಾತ್ರೆ ನುಂಗುವ ಬಗೆ ಅವಳಿಗೆ ಗೊತ್ತಿತ್ತು. ನೋಡಿ ನುಂಗಿದರೆ ರೋಗಿ ಎಂದು ಒಪ್ಪಿಕೊಂಡ ಹಾಗೆ ಎಂದು ಅವರ ಲೆಕ್ಕ. ಅಂಗೈ ಚಾಚುವರು, ಅವಳು ಹಾಕುವಳು, ಬೀದಿಯ ಕಡೆ ನೋಡುತ್ತಲೇ ಬಾಯಿಗೆ ಎಸೆದುಕೊಳ್ಳುವರು. ಮೊದಲು ಬಿಳಿ ಮಾತ್ರೆ ಬದಲಾಯಿತು. ಭಾನುವಾರ ಹತ್ತಿರ ಬಂದಾಗ ಗುಲಾಬಿಯೂ ಬದಲಾಯಿತು. ಡಾಕ್ಟರಮ್ಮ ಮಾಡಬೇಡಿ ಎಂದದ್ದನ್ನೇ, ಅವರು ಹೇಳಿದ ದಿನಗಳ ಲೆಕ್ಕದಲ್ಲೇ ಅವಳು ಮಾಡಿದಳು. ಎದೆಗೆ ಏರುತ್ತೆ ಎಂದದ್ದೂ ಕಿವಿಯಲ್ಲಿತ್ತು. ಏರಿದರೆ ಏರಲಿ ಎಂದು ಅವಳು ಅಂದುಕೊಂಡಳೇ? ಅಂದುಕೊಂಡಳು. ಒಳ್ಳೆಯವಳು ಎಂದು ತೋರಿಸಲು ಇಲ್ಲಿ ಯಾರೂ ಕಷ್ಟಪಡಬೇಕಾಗಿಲ್ಲ. ಮಾತ್ರೆ ಹಾಕುವಾಗ ಅವಳ ಕೈ ನಡುಗಲಿಲ್ಲ. ಆ ಮನೆಯಲ್ಲಿ ಕತ್ತಿ ಹಿಡಿಯಲು ಹೇಳಿ ಮಾಡಿಸಿದ ಕೈ ಅವಳದೇ ಇತ್ತೇನೋ, ಯಾರೂ ಕೇಳಿರಲಿಲ್ಲ.

ಶನಿವಾರ ಬೆಳಿಗ್ಗೆ ಕಾಲುಚೀಲ ಏರಿಸುವಾಗ ಮಾವನ ಕಾಲು ಸ್ವಲ್ಪ ಬೆಚ್ಚಗಿತ್ತು. ಮೀನಖಂಡದ ಹತ್ತಿರ ಚೀಲ ಏರಲು ಸತಾಯಿಸಿತು. ಅವಳು ಒಂದು ಗಳಿಗೆ ಕೈ ಹಾಗೇ ಇಟ್ಟು ಕೂತಳು. ಆಮೇಲೆ ಜಗ್ಗಿ ಏರಿಸಿದಳು.

ಭಾನುವಾರ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಳೆಯ ಗಿರಾಕಿಗಳೆಲ್ಲ ಗೋಡೆಗೆ ಒತ್ತಿಕೊಂಡು ನಿಂತಿದ್ದರು. ಅಳಿಯನೂ ಬಂದಿದ್ದ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕುರ್ಚಿಯನ್ನು ಆಗಲೇ ಕೊಂಡವನ ಹಾಗೆ ಅದರ ಕಾಲನ್ನು ಬೂಟಿನಿಂದ ತಟ್ಟಿ ನೋಡುತ್ತಿದ್ದ. ಅವಳು ಬಿಸಿನೀರಿನ ಬೋಗುಣಿ ಹಿಡಿದು ಕನ್ನಡಿಯಲ್ಲಿ ಎಲ್ಲರೂ ಕಾಣುವ ಕಡೆ ನಿಂತಳು.

ಮಾವ ಬಟ್ಟೆ ಸರಿಸಿ ಮೊದಲ ಕುರ್ಚಿಯಲ್ಲಿ ಕೂತರು. ಗಂಡ ಟವೆಲ್ಲು ಕಟ್ಟಿದ. ಅದನ್ನು ಅವಳೇ ಒಗೆದು, ಇಸ್ತ್ರಿ ಮಾಡಿ ಕೊಟ್ಟಿದ್ದಳು. ಬ್ರಶ್ಶು ಆಡಿಸಿ ನೊರೆ ಎಬ್ಬಿಸಿ ಹಚ್ಚಿದ. ಕತ್ತಿಯನ್ನು ತೊಗಲಿನ ಪಟ್ಟಿಗೆ ತಿಕ್ಕಿದ. ಮೊದಲ ಸುತ್ತು ಮೇಲಿನಿಂದ ಕೆಳಕ್ಕೆ, ಚೆನ್ನಾಗಿಯೇ ಆಯಿತು. ಕತ್ತಿ ಕೂದಲನ್ನು ಕೊಯ್ಯುವ ಕರಕರ ಬಿಟ್ಟರೆ ಅಂಗಡಿಯಲ್ಲಿ ಸದ್ದಿರಲಿಲ್ಲ.

ಎರಡನೆಯ ಸುತ್ತಿಗೆ ನೊರೆ ಹಚ್ಚುವಾಗ ಮಾವ ಬಾಯಿ ಬಿಟ್ಟರು.

"ಕೈ ತಣ್ಣಗಿದೆಯಲ್ಲೋ. ಹೆದರಿಕೆನಾ?"

"ಇಲ್ಲಪ್ಪ."

"ನಿಮ್ಮಮ್ಮ ಸಾಯೋ ದಿನ ಅವಳ ಕೈಯೂ ಹೀಗೇ ತಣ್ಣಗಿತ್ತು."

ಕತ್ತಿ ಕೆಳಗಿನಿಂದ ಮೇಲಕ್ಕೆ ಹೊರಟಿತ್ತು. ದವಡೆಯ ಮೂಳೆಯ ಕೆಳಗೆ, ಎಡಗಡೆ, ಅದು ಒಂದು ಕೂದಲಿನಷ್ಟು ಓರೆಯಾಯಿತು. ನೊರೆಯ ಬಿಳಿಯಲ್ಲಿ ಒಂದು ಕೆಂಪು ಮಣಿ ಮೂಡಿತು.

ಯಾರೋ ಲೊಚಗುಟ್ಟಿದರು. ಅಳಿಯ ನೆಟ್ಟಗೆ ನಿಂತ. ಗಂಡನ ಮುಖದ ರಕ್ತವೆಲ್ಲ ಇಳಿದುಹೋಯಿತು. ಮಾವ ಕನ್ನಡಿಯಲ್ಲಿ ಆ ಮಣಿಯನ್ನು ನೋಡಿದರು, ತುಟಿಯ ಮೂಲೆಯಲ್ಲಿ ನಗು ಬಂತು. ಅವರು ಕಾಯತೊಡಗಿದರು. ಅದು ದಪ್ಪಗಾಗಿ, ಜಾರಿ, ಕತ್ತಿನ ಮಡಿಕೆಯಲ್ಲಿ ಹರಿದು ಟವೆಲ್ಲು ಮುಟ್ಟುವುದನ್ನು ಕಾದರು. ಗಂಡ ಪಟಿಕದ ಗಟ್ಟಿ ಒದ್ದೆ ಮಾಡಿ ಗೀರಿಗೆ ಒತ್ತಿ ಹಿಡಿದ. ಅವನು ಕೈ ತೆಗೆದ.

ಗೀರು ಒಣಗಿ ಕೂತಿತ್ತು.

ಮಾವನ ನಗು ಹಾಗೇ ಇತ್ತು, ಆದರೆ ಅದರೊಳಗಿಂದ ಜೀವ ಹೋಗಿತ್ತು. ಅವರು ಗೀರನ್ನು ದಿಟ್ಟಿಸಿದರು. ತಮ್ಮ ರಕ್ತ ತಮಗೇ ಕೈಕೊಟ್ಟಿತ್ತು. ಆಮೇಲೆ ನಿಧಾನವಾಗಿ ಅವರ ಕಣ್ಣು ಕನ್ನಡಿಯಲ್ಲಿ ಸರಿಯಿತು, ಅಳಿಯನನ್ನು ದಾಟಿ, ಗಿರಾಕಿಗಳನ್ನು ದಾಟಿ, ಬೋಗುಣಿ ಹಿಡಿದ ಅವಳ ಮೇಲೆ ಬಂದು ನಿಂತಿತು. ಅವಳೂ ಕಣ್ಣು ಕೀಳಲಿಲ್ಲ. ಅವರಿಗೆ ಎಲ್ಲ ತಿಳಿಯಿತು ಎಂದು ಅವಳಿಗೆ ತಿಳಿಯಿತು. ಮಾತ್ರೆ ಬದಲಾಗಿದೆ ಎಂದು ಅವರು ಅರಚಬೇಕಾದರೆ ರಕ್ತ ನಿಲ್ಲದ ಕತ್ತನ್ನು ಮಗನ ಕೈಗೆ ಬೇಕೆಂದೇ ಕೊಟ್ಟೆ ಎಂದೂ ಅರಚಬೇಕಿತ್ತು. ಅಷ್ಟು ಜನರ ಎದುರಿಗೆ ಅದು ಆಗುವ ಮಾತಾಗಿರಲಿಲ್ಲ.

ಕ್ಷೌರ ಮುಗಿಯಿತು. ಮಾವ ಟವೆಲ್ಲು ಬಿಚ್ಚಿದರು. ಹರವಿದರು. ಬೆಳ್ಳಗಿತ್ತು.

ಅಂಗಡಿ ಚಪ್ಪಾಳೆಯಿಂದ ತುಂಬಿಹೋಯಿತು. ಅಳಿಯ ಮುಖ ಸಿಂಡರಿಸಿಕೊಂಡು ಹೊರಟುಹೋದ. ಗಂಡ ಮಗುವಿನ ಹಾಗೆ ಅಳುತ್ತ ಅಪ್ಪನ ಕಾಲು ಹಿಡಿದುಕೊಂಡ, ಊದಿದ ಕಾಲನ್ನೇ. ಮಾವ ನೋವಿಗೆ ಹಲ್ಲು ಕಚ್ಚಿದರು. ಅವನ ತಲೆಯ ಮೇಲೆ ಕೈ ಇಟ್ಟು, ಕನ್ನಡಿಯಲ್ಲಿ ಅವಳನ್ನೇ ನೋಡುತ್ತ, "ಕೈ ಪಳಗಿದೆ ಕಣೋ" ಎಂದರು.

ಆ ಸಂಜೆ ಮಾತ್ರೆಯ ಹೊತ್ತಿಗೆ ಅವಳು ನಿಜವಾದವನ್ನೇ ತೆಗೆದುಕೊಂಡು ಹೋದಳು. ಮಾವ ಅಂಗೈ ಚಾಚಿದರು. ಮೊದಲ ಸಲ ಬೆಳಕಿಗೆ ಹಿಡಿದು ನೋಡಿದರು, ತಿರುಗಿಸಿ ನೋಡಿದರು. ಆಮೇಲೆ ನುಂಗಿದರು.

ಆದರೆ ಕಾಲಿನದು ಕಾಲಿನಲ್ಲಿ ಉಳಿದಿರಲಿಲ್ಲ. ಆ ವಾರದಲ್ಲೇ ಒಂದು ಬೆಳಿಗ್ಗೆ ಮಾವ ಮೆಟ್ಟಿಲ ನಡುವೆ ಕುಸಿದು ಕೂತರು, ಎದೆ ಹಿಡಿದುಕೊಂಡು, ದಡಕ್ಕೆ ಬಿದ್ದ ಮೀನಿನ ಹಾಗೆ ಬಾಯಿ ತೆರೆದು ಮುಚ್ಚುತ್ತ. ಗಂಡ ಅವರನ್ನು ಎತ್ತಿಕೊಂಡು ಓಡಿದ. ಅವಳು ಹಿಂದೆ ಓಡಿದಳು. ಸಾಯಲಿ ಎಂದು ಬೇಡಿಕೊಂಡಳು, ಸಾಯದಿರಲಿ ಎಂದೂ ಬೇಡಿಕೊಂಡಳು, ಎರಡೂ ಮನಸ್ಸಿನಿಂದಲೇ.

ಮಾವ ಸಾಯಲಿಲ್ಲ. ಗಡ್ಡೆ ಶ್ವಾಸಕೋಶಕ್ಕೆ ಹೋಗಿದೆ, ಸರಿಯಾದ ಹೊತ್ತಿಗೆ ತಂದಿರಿ ಎಂದರು ಡಾಕ್ಟರಮ್ಮ. ಮಾವ ಸ್ವಲ್ಪ ಚೇತರಿಸಿಕೊಂಡ ದಿನ ಮಂಚದ ಪಕ್ಕ ನಿಂತು ಕೇಳಿದರು.

"ಮಾತ್ರೆ ಏನಾದ್ರೂ ತಪ್ಪಿತಾ? ನಿಜ ಹೇಳಿ. ತಪ್ಪಿದ್ರೆ ಒಂದು ಥರ ಔಷಧಿ, ತಪ್ಪದೆ ಹೀಗಾಗಿದ್ರೆ ಇನ್ನೊಂದು ಥರ. ನಾನು ಮುಂದೆ ಏನು ಕೊಡಬೇಕು ಅನ್ನೋದು ಇದರ ಮೇಲಿದೆ."

ಪಕ್ಕದಲ್ಲಿ ಗಂಡ ನಿಂತಿದ್ದ, ಗೆದ್ದ ದಿನದ ಅಂಗಿಯನ್ನೇ ತೊಟ್ಟು. ಹೇಳಬೇಕಾದರೆ ಇದೇ ಹೊತ್ತು. ಹೇಳಿದರೆ ಬೆಳ್ಳಗೆ ಬಂದ ಟವೆಲ್ಲು ಗಂಡನ ಕೈಯ ಗೆಲುವಾಗಿ ಉಳಿಯುವುದಿಲ್ಲ.

ಮಾವ ಮೂಗಿನ ಮೇಲಿನ ಆಕ್ಸಿಜನ್ ಮಾಸ್ಕು ಸರಿಸಿದರು.

"ಒಂದು ದಿನಾನೂ ತಪ್ಪಿಲ್ಲ ಡಾಕ್ಟ್ರೇ. ನನ್ನ ಸೊಸೆ ಅಂದ್ರೆ ಏನಂದ್ಕೊಂಡ್ರಿ? ಕೈಯಾರೆ ಕೊಡ್ತಾಳೆ."

"ಹೌದೇನಮ್ಮ?"

ಗಂಡ ಹೆಮ್ಮೆಯಿಂದ ಅವಳ ಕಡೆ ನೋಡಿದ.

"ಹೌದು," ಎಂದಳು.

ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು. ಎರಡೂ ಮಾತ್ರೆ ತಪ್ಪದೆ ತೆಗೆದುಕೊಂಡರೂ ಹೀಗಾಗಿದೆ ಎಂದರೆ ಅವು ಸಾಲುತ್ತಿಲ್ಲ, ಇನ್ನೂ ಬಲವಾದದ್ದು ಬೇಕು ಎಂದು ತೀರ್ಮಾನಿಸಿದರು. ಗುಲಾಬಿಯ ಜಾಗಕ್ಕೆ ದಿನಕ್ಕೆರಡು ಸಲ ಚುಚ್ಚುವ ಸೂಜಿಮದ್ದು ಬಂತು. ಬಿಳಿ ಮಾತ್ರೆಯೂ ಜೊತೆಗೇ ಇರಲಿ ಎಂದರು. ಹೊರಡುವಾಗ ಅವಳೊಬ್ಬಳನ್ನೇ ಕರೆದರು.

"ತುಂಬಾ ಜೋಪಾನ ಅಮ್ಮಾ. ಈಗ ಅವರ ರಕ್ತ ನೀರಿನ ಹಾಗೆ. ಸಣ್ಣ ಗೀರಾದ್ರೆ ಹೇಗೋ ಒತ್ತಿ ಹಿಡಿದು ತಡೀಬಹುದು. ತಲೆಗೆ, ಕತ್ತಿಗೆ ಸ್ವಲ್ಪ ಆಳವಾಗಿ ಏನಾದ್ರೂ ಆಯ್ತು ಅಂದ್ರೆ ಇಲ್ಲಿಗೆ ತರೋಷ್ಟರಲ್ಲಿ ಮುಗಿದಿರುತ್ತೆ."

ಮನೆಗೆ ಬಂದ ಮರುದಿನ ಮಾವ ಊರುಗೋಲು ಊರಿಕೊಂಡು ಅಂಗಡಿಗೆ ಇಳಿದರು. ನೇರವಾಗಿ ಹೋಗಿ ಮೊದಲ ಕುರ್ಚಿಯಲ್ಲಿ ಕೂತರು.

"ಬಾರೋ. ಆಸ್ಪತ್ರೇಲಿ ಯಾರೋ ಮಿಷನ್ ಹಾಕಿ ಮುಖ ಕೆಡಿಸಿದಾರೆ. ಇನ್ಮೇಲೆ ದಿನಾ ಬೆಳಿಗ್ಗೆ ನಿನ್ನ ಕೈಯಿಂದಲೇ ಆಗಬೇಕು. ಕತ್ತೀಲಿ."

ಗಂಡನ ಮುಖ ನೋಡಬೇಕಿತ್ತು. ಟವೆಲ್ಲು ಬೆಳ್ಳಗೆ ಬಂದ ದಿನದಿಂದ ಅವನನ್ನು ಯಾರೂ ನಡುಕಣ್ಣ ಎಂದು ಕರೆದಿರಲಿಲ್ಲ. ಈಗ ಅಪ್ಪನೇ ಬಾಯಿಬಿಟ್ಟು ಕೇಳುತ್ತಿದ್ದಾರೆ. ಅವನು ಕತ್ತಿ ಮಸೆಯುತ್ತ ಹಾಡು ಗುನುಗಿದ. ಬಿಸಿನೀರು ಮುಗಿದಿತ್ತೆಂದು ಹಿತ್ತಲಿಗೆ ಹೋದ. ಅಂಗಡಿಯಲ್ಲಿ ಅವರಿಬ್ಬರೇ ಉಳಿದರು.

"ಮಾವ, ಬೇಡ," ಎಂದಳು ಅವಳು. "ನಿಮ್ಮ ಕಾಲಿಗೆ ಬೀಳ್ತೀನಿ."

"ಕಾಲಿಗೆ ಬಿದ್ದೇ ಅಲ್ವಾ ಅದು ಎದೆಗೇರೋ ಹಾಗೆ ಮಾಡಿದ್ದು ನೀನು?" ಮಾವ ತಲೆಯನ್ನು ದಿಂಬಿಗೆ ಒರಗಿಸಿದರು. ದನಿಯಲ್ಲಿ ಕೋಪವೇ ಇರಲಿಲ್ಲ. "ನನ್ನ ಪ್ರಾಣ ಅಂಗೈಯಲ್ಲಿಟ್ಕೊಂಡು ಆಡಿದೆ. ಈಗ ನನ್ನ ಸರದಿ. ನಾನು ಹೇಗಿದ್ರೂ ಹೋಗೋನೇ. ಹೋಗೋ ದಿನ ನಾನು ಆರಿಸ್ಕೋತೀನಿ. ಕತ್ತಿ ಇಲ್ಲಿರುವಾಗ," ಗಂಟಲಿನ ಮೇಲೆ ಬೆರಳಿಟ್ಟು ತೋರಿಸಿದರು, "ಒಂದು ಸಲ ಕೆಮ್ತೀನಿ. ಅಷ್ಟೇ. ಮಿಕ್ಕಿದ್ದು ಅವನ ಕೈ ಮಾಡುತ್ತೆ. ಅಪ್ಪನ್ನ ಕೊಂದವನು ಅಂತ ಅವನು ಬಾಳಬೇಕು, ನೀನು ನೋಡ್ತಾ ಇರಬೇಕು."

"ನಾನು ಅವರಿಗೆ ಹೇಳ್ತೀನಿ."

"ಹೇಳು. ಮೊದಲಿಂದ ಹೇಳು. ಟವೆಲ್ಲು ಯಾಕೆ ಬೆಳ್ಳಗೆ ಬಂತು ಅನ್ನೋದರಿಂದ ಶುರು ಮಾಡು."

ಗಂಡ ನೀರು ತಂದ. ಅವಳ ಬಾಯಿ ತೆರೆದಿತ್ತು. ಅವನು ನಗುತ್ತ, "ಏನೇ, ಹಾಗೆ ನಿಂತಿದೀಯ? ಟವೆಲ್ಲು ಕೊಡು" ಎಂದ. ಅವಳು ಅವನ ಮುಖ ನೋಡಿದಳು. ಮದುವೆಯಾದ ಮೇಲೆ ಆ ಮುಖ ಇಷ್ಟು ನಿಶ್ಚಿಂತೆಯಾಗಿದ್ದದ್ದನ್ನು ಅವಳು ನೋಡಿರಲಿಲ್ಲ. ಬಾಯಿ ಮುಚ್ಚಿದಳು. ಟವೆಲ್ಲು ಕೊಟ್ಟಳು.

ಅಂದು ಮಾವ ಕೆಮ್ಮಲಿಲ್ಲ. ಮರುದಿನವೂ ಇಲ್ಲ. ದಿನವೂ ಬೆಳಿಗ್ಗೆ ಅವಳು ಹಿತ್ತಲಿನ ಕೆಲಸ ಬಿಟ್ಟು ಬಂದು ಕುರ್ಚಿಯ ಪಕ್ಕ ನಿಲ್ಲುತ್ತಾಳೆ. ಒಂದು ಕೈಯಲ್ಲಿ ಪಟಿಕದ ಗಟ್ಟಿ, ಇನ್ನೊಂದು ಕೈಯಲ್ಲಿ ಮಡಿಸಿದ ಟವೆಲ್ಲುಗಳು. ಅವಳ ಕೈ ಈಗ ನಡುಗುತ್ತದೆ. ಗಂಡನದು ನಡುಗುವುದಿಲ್ಲ. ಸೊಸೆಗೆ ಮಾವನ ಮೇಲೆ ಎಷ್ಟು ಅಕ್ಕರೆ ನೋಡಿ ಎಂದು ಗಿರಾಕಿಗಳು ಮಾತಾಡಿಕೊಳ್ಳುತ್ತಾರೆ. ಮಾವನ ಬಿಳಿ ಮಾತ್ರೆಯನ್ನೂ ಸೂಜಿಯನ್ನೂ ಅವಳು ಒಂದು ದಿನವೂ ತಪ್ಪಿಸುವುದಿಲ್ಲ. ತಪ್ಪಿಸಿದರೆ ಸಾವು ಎದೆಗೇರುತ್ತದೆ, ಕೊಟ್ಟರೆ ಕತ್ತಿನಲ್ಲಿ ಕಾದಿರುತ್ತದೆ.

ಇವತ್ತು ಬೆಳಿಗ್ಗೆಯೂ ಕತ್ತಿ ಗಲ್ಲದ ಕೆಳಗೆ ಬಂದು ಗಂಟಲ ಮೇಲೆ ನಿಂತಿತು. ಮಾವ ಕಣ್ಣು ತೆರೆದು ಕನ್ನಡಿಯಲ್ಲಿ ಅವಳನ್ನು ಹುಡುಕಿದರು. ಗಂಟಲನ್ನು ಮೆಲ್ಲಗೆ, ಸದ್ದು ಬಂದೂ ಬಾರದ ಹಾಗೆ ಸರಿಮಾಡಿಕೊಂಡರು. ಗಂಡ ಕತ್ತಿ ಎತ್ತಿದ.

"ಏನಪ್ಪಾ, ನೀರು ಬೇಕಾ?"

"ಬೇಡ ಕಣೋ, ಏನಿಲ್ಲ," ಎಂದರು ಮಾವ, ಕಣ್ಣು ಅವಳ ಮೇಲೇ ಇಟ್ಟು. "ನೀನು ನಿನ್ನ ಕೆಲಸ ಮಾಡು."

ಗಂಡ ಮತ್ತೆ ಕತ್ತಿ ಇಳಿಸಿದ.